ಕರ್ಚೀಫು ಕಚ್ಚಿ, ಹೆಡೆ ಎತ್ತಿ!

ಮದುವೆ ಮೆರವಣಿಗೆಯಲ್ಲಿ ಒಮ್ಮೆಯಾದರೂ ಹಾವಾಗದ ಸೋದರಮಾವ ಉಂಟೇ? ಭಗವಾನ್ ದಾದಾನ ಭುಜ, ಜಿತೇಂದ್ರನ ಜಿಗಿತ, ಮಿಥುನ್‌ನ ತೋರುಬೆರಳು... ಹಳೆಯ ಸ್ಟೆಪ್ಪುಗಳಿಗೆ ಸಾವಿಲ್ಲ, ಸಂಕೋಚವಂತೂ ಮೊದಲೇ ಇಲ್ಲ. ಹೆಸರಿನಲ್ಲೇ ಹಾವನ್ನು ಇಟ್ಟುಕೊಂಡ ನಾಗಪುರದ ಬೀದಿಗಳಲ್ಲಿ ಈ ಲಗ್ನದ ಹಂಗಾಮಿನಲ್ಲೂ ಅವು ನೆಲಕ್ಕೆ ಬಿದ್ದು ಹೊರಳುತ್ತಿವೆ.

ಏಪ್ರಿಲ್ ಕೊನೆಯ ಸಂಜೆ. ನಾಗಪುರದ ಇತವಾರಿ ಪೇಟೆಯಲ್ಲಿ ಸೂರ್ಯ ಮುಳುಗಿ ಗಂಟೆ ಕಳೆದರೂ ಡಾಂಬರಿನ ಕಾವು ಚಪ್ಪಲಿ ದಾಟಿ ಅಂಗಾಲು ಮುಟ್ಟುತ್ತದೆ. ಬೀದಿಯ ಈ ತುದಿಯಿಂದ ಆ ತುದಿವರೆಗೆ ಮದುವೆ ಮೆರವಣಿಗೆಯದ್ದೇ ರಾಜ್ಯ. ಹಿಂದೆ ಜನರೇಟರ್ ಗಾಡಿ, ಎರಡೂ ಬದಿಗೆ ದೀಪ ಹೊತ್ತವರ ಸಾಲು, ನಡುವೆ ಕೆಂಪು ಕೋಟಿನ ಬ್ಯಾಂಡಿನವರು. ಹಣೆಗೆ ಮುಂಡಾವಳಿ ಕಟ್ಟಿಕೊಂಡ ವರ ಕುದುರೆಯ ಮೇಲೆ ಒಬ್ಬನೇ ಬೆವರುತ್ತಿದ್ದಾನೆ. ಇವತ್ತು ಅವನ ದಿನ. ಆದರೆ ಅವನ ಕಡೆ ಯಾರೂ ನೋಡುತ್ತಿಲ್ಲ.

ಎಲ್ಲರ ಕಣ್ಣೂ ಕುದುರೆಗಿಂತ ಹತ್ತು ಮಾರು ಮುಂದೆ.

‘ನಾಗಿನ್ ವಾಜವ್ ನಾ ಭಾವೂ!’ ಎಂದು ಗುಂಪಿನಿಂದ ಒಂದು ಕೂಗು. ನಾಗಿನ್ ಬಾರಿಸಣ್ಣಾ ಎಂಬ ಅಹವಾಲು ಅದು. ಬ್ಯಾಂಡ್ ಮಾಸ್ಟರ್ ಕ್ಲಾರಿನೆಟ್ ತುಟಿಗಿಡುತ್ತಾನೆ. ಮೊದಲ ಸ್ವರ ಹೊರಳಿ ಬಂದದ್ದೇ ತಡ, ಸಾಲದ ಅರ್ಜಿ ತಿರಸ್ಕರಿಸುವಾಗ ಹುಬ್ಬು ಕೂಡ ಅಲುಗಿಸದ ಬ್ಯಾಂಕ್ ಮ್ಯಾನೇಜರರು ಜೇಬಿನಿಂದ ಕರ್ಚೀಫು ತೆಗೆಯುತ್ತಾರೆ. ಒಂದು ತುದಿ ಹಲ್ಲಿಗೆ, ಇನ್ನೊಂದು ತುದಿ ಎರಡೂ ಕೈಗೆ. ಪುಂಗಿ ಸಿದ್ಧ. ಎದುರಿಗೆ ಭಾವಮೈದುನ ಅಂಗೈ ಜೋಡಿಸಿ ನೆತ್ತಿಯ ಮೇಲೆ ಹೆಡೆ ಎತ್ತುತ್ತಾರೆ. ಮಂಡಿ ಬಾಗುತ್ತದೆ, ಸೊಂಟ ಬಾಗುತ್ತದೆ, ಕೊನೆಗೆ ಇಸ್ತ್ರಿ ಹಾಕಿದ ಸಫಾರಿ ಸಮೇತ ಹಾವು ರಸ್ತೆಗೆ ಬೀಳುತ್ತದೆ.

ಸುತ್ತ ನಿಂತವರು ಸಿಳ್ಳೆ ಹಾಕುತ್ತಾರೆ. ಬಿದ್ದವರ ಹೆಂಡತಿ ಮಾತ್ರ ಆ ಪ್ಯಾಂಟನ್ನು ಒಗೆಯುವವರು ಯಾರು ಎಂಬ ಲೆಕ್ಕದಲ್ಲಿದ್ದಾರೆ.

ಹಾವಿನೂರಿನ ಹಾವಾಟ

ಏಪ್ರಿಲ್ 29 ಅಂತರರಾಷ್ಟ್ರೀಯ ನೃತ್ಯ ದಿನ. ಫ್ರೆಂಚ್ ನೃತ್ಯಗುರು ಜ್ಯಾನ್ ಜಾರ್ಜ್ ನೊವೆರ್ ಹುಟ್ಟಿದ್ದು 1727ರ ಆ ದಿನ. 1982ರಿಂದ ಜಗತ್ತು ಅದನ್ನು ಆಚರಿಸುತ್ತಿದೆ. ನರ್ತಕರು ಮುಖವಾಡ ಕಳಚಿ ಮುಖದಲ್ಲಿ ಭಾವ ತೋರಲಿ ಎಂದು ವಾದಿಸಿದ ಮಹಾನುಭಾವ ಅವನು. ಆ ದಿನ ವೇದಿಕೆಗಳ ಮೇಲೆ ಭರತನಾಟ್ಯ, ಕಥಕ್, ಒಡಿಸ್ಸಿಗಳಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಅದೇ ಹೊತ್ತಿಗೆ ಮದುವೆ ಮುಹೂರ್ತಗಳೂ ತುಂಬಿ ತುಳುಕುವುದರಿಂದ, ದೇಶದಲ್ಲಿ ಅತಿ ಹೆಚ್ಚು ಜನ ಆಡುವ ಕುಣಿತ ಯಾವ ಪ್ರಶಸ್ತಿಯ ಹಂಗೂ ಇಲ್ಲದೆ ಬೀದಿಯಲ್ಲಿ ನಡೆದಿರುತ್ತದೆ. ವರ್ಷಾನುವರ್ಷ ಹೊತ್ತ ಗಾಂಭೀರ್ಯದ ಮುಖವಾಡ ಅಲ್ಲಿ ಒಂದೇ ಸ್ವರಕ್ಕೆ ಕಳಚಿ ಬೀಳುತ್ತದೆ. ನೊವೆರ್ ಕಂಡಿದ್ದರೆ ಬಹುಶಃ ಒಪ್ಪುತ್ತಿದ್ದ.

ನಾಗಿಣಿ ಕುಣಿತ ನಾಗಪುರದಲ್ಲಿ ಹುಟ್ಟಿದ್ದಲ್ಲ. ಲಖನೌದಿಂದ ಕಲಬುರಗಿವರೆಗೆ ಅದು ಎಲ್ಲರದ್ದು. ಆದರೂ ಈ ಊರಿನಲ್ಲಿ ಅದನ್ನು ನೋಡುವುದಕ್ಕೆ ಬೇರೆಯೇ ಮಜವಿದೆ. ವಾಡಿ ಬಳಿಯ ಲಾವಾ ಗುಡ್ಡದಲ್ಲಿ ಹುಟ್ಟುವ ನಾಗ ನದಿ ನಗರದ ನಡುವೆಯೇ ಬಳುಕುತ್ತಾ ಸಾಗುತ್ತದೆ. ಊರಿನ ಹೆಸರು ಬಂದದ್ದೇ ಅದರಿಂದ. ನದಿಯ ಹಾವು ಸಾಲದೆಂಬಂತೆ ಬೀದಿಯ ಮೇಲೆ ಜನರೂ ಹಾವಾಗುತ್ತಾರೆ.

ಬೇಸಿಗೆಯಲ್ಲಿ ಇಲ್ಲಿ ಕುಣಿಯಲು ಎದೆಗಾರಿಕೆಯೂ ಬೇಕು. 2013ರ ಮೇ 23ರಂದು ಇಲ್ಲಿನ ಉಷ್ಣಾಂಶ 47.9 ಡಿಗ್ರಿ ಮುಟ್ಟಿತ್ತು. ಬ್ಯಾಂಡಿನ ಕೋಟು ತೊಟ್ಟು ಆ ಬಿಸಿಯಲ್ಲಿ ಉಸಿರು ಹಿಡಿದು ಊದುವವರ ಶ್ವಾಸಕೋಶಕ್ಕೆ ಒಂದು ನಮಸ್ಕಾರ ಸಲ್ಲಲೇಬೇಕು.

> ಮಳಖೇಡದ ನಂಟು
> ನಾಗಪುರದ ಹೆಸರು ಮೊದಲು ಸಿಗುವುದು ಕನ್ನಡ ನೆಲದ ದೊರೆಯ ಕಾಲದ ದಾಖಲೆಯಲ್ಲಿ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟ ರಾಷ್ಟ್ರಕೂಟ ಮೂರನೇ ಕೃಷ್ಣನದು. ಶಕ ವರ್ಷ 862, ಅಂದರೆ ಕ್ರಿ.ಶ. 940. ‘ನಾಗಪುರ-ನಂದಿವರ್ಧನ’ ವಿಷಯದಲ್ಲಿದ್ದ ಒಂದು ಹಳ್ಳಿಯ ದಾನ ಅದರಲ್ಲಿದೆ. ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈಗಿನ ನಗರವನ್ನು ಕಟ್ಟಿಸಿದ್ದು ಗೊಂಡ ರಾಜ ಬಖ್ತ್ ಬುಲಂದ್ ಶಾಹ, 1702ರಲ್ಲಿ.

ಪುಂಗಿಯೇ ಇಲ್ಲದ ಪುಂಗಿ

ಈ ಬೀದಿ ಕುಣಿತಕ್ಕೆ ಮೂಲ 1954ರ ಹಿಂದಿ ಚಿತ್ರ ‘ನಾಗಿನ್’. ನಂದಲಾಲ್ ಜಸವಂತಲಾಲ್ ನಿರ್ದೇಶನ, ಹೇಮಂತ್ ಕುಮಾರ್ ಸಂಗೀತ. ತೆರೆಯ ಮೇಲೆ ವೈಜಯಂತಿಮಾಲಾ. ಮಂಡ್ಯಂ ಅಯ್ಯಂಗಾರ್ ಮನೆತನದ ಆಕೆ ಭರತನಾಟ್ಯ ಕಲಿತು ಬಂದವರು. 2024ರಲ್ಲಿ ಪದ್ಮವಿಭೂಷಣ ಪಡೆದವರು. ಅಂಥ ಕಲಾವಿದೆ ಪುಂಗಿಯ ನಾದಕ್ಕೆ ಮನಸೋತು ಬಳುಕಿದ್ದನ್ನು ಇಡೀ ದೇಶ ನೋಡಿತು. ನೋಡಿ ಸುಮ್ಮನಿರಲಿಲ್ಲ. ಮನೆಗೆ ಬಂದು ತಾನೂ ಬಳುಕಿತು.

ಆ ಚಿತ್ರದ ಪುಂಗಿ ನಿಜವಾದ ಪುಂಗಿಯೇ ಅಲ್ಲ ಎಂಬುದು ಮೊದಲ ತಮಾಷೆ. ಮುಂದೆ ಆನಂದ್‌ಜಿ ಜೊತೆ ಸೇರಿ ದೊಡ್ಡ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ ಅದನ್ನು ನುಡಿಸಿದ್ದು ಕ್ಲಾವಿಯೊಲಿನ್ ಎಂಬ ವಿದ್ಯುತ್ ಕೀಬೋರ್ಡಿನಲ್ಲಿ. ಹಾರ್ಮೋನಿಯಂ ಸಾಥ್ ರವಿ ಅವರದು. ಫ್ರಾನ್ಸಿನ ಕಾನ್‌ಸ್ತಾಂ ಮಾರ್ತಾಂ 1947ರಲ್ಲಿ ರೂಪಿಸಿದ ಯಂತ್ರ ಅದು. 1962ರಲ್ಲಿ ಬ್ರಿಟನ್ನಿನ ಟೊರ್ನಾಡೋಸ್ ತಂಡ ಉಪಗ್ರಹದ ಹೆಸರಿನ ‘ಟೆಲ್‌ಸ್ಟಾರ್’ ವಾದ್ಯಗೀತೆಗೆ ಬಳಸಿದ್ದೂ ಅದೇ ವಾದ್ಯ. ಅಲ್ಲಿ ಬಾಹ್ಯಾಕಾಶಕ್ಕೆ ಹಾರಿದ ನಾದ ಇಲ್ಲಿ ಹುತ್ತದೊಳಗೆ ಇಳಿಯಿತು.

ಯಂತ್ರದ ಪುಂಗಿಯನ್ನು ಬ್ಯಾಂಡಿನವರು ಕ್ಲಾರಿನೆಟ್ಟಿಗೆ ತಂದರು. ಕುಣಿಯುವವರು ಅದನ್ನು ಕರ್ಚೀಫಿಗೆ ತಂದರು. ನಕಲಿನ ನಕಲು ಹೀಗೆ ಅಸಲಿಗಿಂತ ಗಟ್ಟಿಯಾಗಿ ನಿಂತಿತು.

1976ರಲ್ಲಿ ರಾಜಕುಮಾರ್ ಕೊಹ್ಲಿ ಅದೇ ಹೆಸರಿನಲ್ಲಿ ಬೇರೆ ಕಥೆ ತೆಗೆದರು. ರೀನಾ ರಾಯ್ ನಾಗಿಣಿಯಾದರು. 1986ರ ‘ನಗೀನಾ’ದಲ್ಲಿ ಸರೋಜ್ ಖಾನ್ ನೃತ್ಯ ಸಂಯೋಜನೆಗೆ ಶ್ರೀದೇವಿ ಬಣ್ಣದ ಕಣ್ಣು ಹೊಳೆಯಿಸಿ ಹೆಡೆ ಎತ್ತಿದರು. ಪ್ರತಿ ಸಲವೂ ಬೀದಿಯ ಹಾವಿಗೆ ಹೊಸ ಪೊರೆ. ನೆಲಕ್ಕೆ ಬಿದ್ದು ಹೊರಳುವ ಪದ್ಧತಿ ಮಾತ್ರ ಅದೇ.

> ಹಾವಿಗೆ ಕೇಳಿಸುತ್ತದೆಯೇ?
> ಹಾವಿಗೆ ಹೊರಗಿವಿ ಇಲ್ಲ, ಕಿವಿದಮಟೆಯೂ ಇಲ್ಲ. ಒಳಗಿವಿ ದವಡೆಯ ಮೂಳೆಗಳ ಮೂಲಕ ಮುಖ್ಯವಾಗಿ ಕಂಪನವನ್ನು ಗ್ರಹಿಸುತ್ತದೆ. ಹಾವಾಡಿಗನ ಎದುರು ಅದು ಆಡುವುದು ರಾಗಕ್ಕಲ್ಲ; ಕಣ್ಣೆದುರು ಅಲುಗುವ ಪುಂಗಿಗೆ, ಅದೂ ಎಚ್ಚರಿಕೆಯಿಂದ. ಇಡೀ ವ್ಯವಹಾರದಲ್ಲಿ ಸಂಗೀತಕ್ಕೆ ನಿಜವಾಗಿ ಮೈಮರೆಯುವ ಪ್ರಾಣಿ ಮನುಷ್ಯ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಗಿಯಾದಂತೆ ಬೀದಿಯ ಹಾವಾಡಿಗರು ಕಡಿಮೆಯಾದರು. ಕರ್ಚೀಫಿನ ಹಾವಾಡಿಗರಿಗೆ ಯಾವ ಕಾಯ್ದೆಯೂ ಇಲ್ಲ.

ಭುಜದಲ್ಲೇ ಮುಗಿಸಿದ ಭಗವಾನ್

ಹಳೆಯ ಸ್ಟೆಪ್ಪುಗಳ ಕುಲದೇವರನ್ನು ಹುಡುಕುತ್ತಾ ಹೊರಟರೆ ನಾಗಪುರದಿಂದ ಸುಮಾರು 150 ಕಿಲೋಮೀಟರ್ ದೂರದ ಅಮರಾವತಿಗೆ ಹೋಗಬೇಕು. ಭಗವಾನ್ ಆಭಾಜಿ ಪಾಲವ್, ಅಂದರೆ ಭಗವಾನ್ ದಾದಾ, ಅಲ್ಲಿ ಹುಟ್ಟಿದ್ದು 1913ರ ಆಗಸ್ಟ್ 1ರಂದು. ಬೆಳೆದದ್ದು ಮುಂಬೈಯಲ್ಲಿ, ಗಿರಣಿ ಕಾರ್ಮಿಕರ ನಡುವೆ. ಕುಸ್ತಿಯ ಹುಚ್ಚು, ಅಗ್ಗದ ಸ್ಟಂಟ್ ಚಿತ್ರಗಳ ನಟನೆ. ಗುಂಡು ಗುಂಡಾದ ಮೈ. ಹೀರೊ ಎನಿಸಿಕೊಳ್ಳುವ ಯಾವ ಲಕ್ಷಣವೂ ಇಲ್ಲದ ಆಸಾಮಿ.

1951ರಲ್ಲಿ ತಾನೇ ನಿರ್ದೇಶಿಸಿ ‘ಅಲಬೇಲಾ’ ತೆಗೆದರು. ಜೊತೆಗೆ ಗೀತಾ ಬಾಲಿ, ಸಂಗೀತ ಸಿ. ರಾಮಚಂದ್ರ. ಆ ಚಿತ್ರದಲ್ಲಿ ಅವರು ಕುಣಿದ ರೀತಿ ಯಾವ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಕಾಲು ಅರ್ಧ ಹೆಜ್ಜೆ ಸರಿಯುತ್ತದೆ. ಮೊಣಕೈಯಿಂದ ಕೆಳಗೆ ಕೈ ಸಡಿಲವಾಗಿ ತೂಗುತ್ತದೆ. ಉಳಿದ ಕೆಲಸವನ್ನೆಲ್ಲ ಭುಜ ಮತ್ತು ಹುಬ್ಬು ನೋಡಿಕೊಳ್ಳುತ್ತವೆ. ದಣಿವೇ ಇಲ್ಲದ ಕುಣಿತ. ಊಟವಾದ ಮೇಲೂ ಆಡಬಹುದು.

ಅದರ ಶಕ್ತಿ ಇದ್ದದ್ದೇ ಅಲ್ಲಿ. ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತ ಕೂಲಿಯವನಿಗೆ ‘ಇದು ನನ್ನಿಂದಲೂ ಆದೀತು’ ಅನ್ನಿಸಿತು. ಕೆಲವು ದಶಕಗಳ ನಂತರ ಅಮಿತಾಭ್ ಬಚ್ಚನ್ ತೆರೆಯ ಮೇಲೆ ಭುಜ ಕುಣಿಸಿದಾಗ ಜನ ಭಗವಾನ್ ದಾದಾನನ್ನು ಗುರುತಿಸಿದರು. ಮಿಥುನ್, ಗೋವಿಂದರ ಮೈಯಲ್ಲೂ ಆ ಛಾಯೆ ಇಣುಕುತ್ತದೆ.

ಮುಂದಿನ ಚಿತ್ರಗಳು ಕೈಕೊಟ್ಟವು. ಬಂಗಲೆ, ಕಾರುಗಳು ಹೋದವು. ದಾದಾ ಮತ್ತೆ ದಾದರ್‌ನ ಚಾಳಿಗೆ ಬಂದರು, 2002ರ ಫೆಬ್ರುವರಿ 4ರಂದು ತೀರಿಕೊಂಡರು. ಗಣಪತಿ ಮೆರವಣಿಗೆಗಳು ಅವರ ಚಾಳಿನ ಮುಂದೆ ನಿಂತು ‘ಅಲಬೇಲಾ’ದ ಹಾಡು ಬಾರಿಸುತ್ತಿದ್ದವು, ಮುದುಕ ಹೊರಬಂದು ಅದೇ ಭುಜ ಕುಣಿಸುತ್ತಿದ್ದರು ಎಂದು ಮುಂಬೈ ಇಂದಿಗೂ ನೆನೆಯುತ್ತದೆ. 2016ರಲ್ಲಿ ಅವರ ಬದುಕೇ ‘ಏಕ್ ಅಲಬೇಲಾ’ ಎಂಬ ಮರಾಠಿ ಚಿತ್ರವಾಯಿತು.

> ಸ್ಟೆಪ್ಪುಗಳ ಪಂಚಾಂಗ
> 1951: ‘ಅಲಬೇಲಾ’. ಭಗವಾನ್ ದಾದಾನ ಭುಜ.
> 1960: ಅಮೆರಿಕದಲ್ಲಿ ಚಬ್ಬಿ ಚೆಕರ್‌ನ ಟ್ವಿಸ್ಟ್. 1965ರ ‘ಭೂತ್ ಬಂಗಲಾ’ದಲ್ಲಿ ಮೆಹಮೂದ್ ಮತ್ತು ಆರ್.ಡಿ. ಬರ್ಮನ್ ಇಬ್ಬರೂ ತೆರೆಯ ಮೇಲೆ. ಸಿಗರೇಟು ತುಂಡನ್ನು ಕಾಲಿನಲ್ಲಿ ಹೊಸಕಿ ಆರಿಸುವುದು ಬಂದರೆ ಸಾಕು, ಟ್ವಿಸ್ಟ್ ಬಂದಂತೆ.
> 1967: ‘ಫರ್ಜ್’. ಬಿಳಿ ಶೂ ತೊಟ್ಟ ಜಿತೇಂದ್ರ ‘ಜಂಪಿಂಗ್ ಜ್ಯಾಕ್’ ಆದರು.
> 1982: ‘ಡಿಸ್ಕೊ ಡ್ಯಾನ್ಸರ್’. ಮಿಥುನ್ ಚಕ್ರವರ್ತಿಯ ಬೆರಳು ಆಕಾಶಕ್ಕೆ. ಸೋವಿಯತ್ ಒಕ್ಕೂಟದಲ್ಲೂ ಜನ ಮುಗಿಬಿದ್ದು ನೋಡಿದರು.
> 1983: ಮೈಕೆಲ್ ಜಾಕ್ಸನ್‌ನ ಮೂನ್‌ವಾಕ್ ಟೀವಿಯಲ್ಲಿ. ಹಿಂದಕ್ಕೆ ಜಾರುವ ಆ ನಡೆಯನ್ನು ಟ್ಯಾಪ್ ನರ್ತಕ ಬಿಲ್ ಬೇಲಿ 1950ರ ದಶಕದಲ್ಲೇ ಆಡಿದ್ದ. ಹೊಸತೆಂದು ಬೆರಗಾದದ್ದೂ ಹಳೆಯದೇ!

ಭರತಮುನಿ ದಿಬ್ಬಣಕ್ಕೆ ಬಂದರೆ

ಎರಡೂ ಅಂಗೈಯ ಆ ಹೆಡೆಗೆ ಶಾಸ್ತ್ರದ ಗೋತ್ರವೂ ಉಂಟು. ಬೆರಳುಗಳನ್ನು ಕೂಡಿಸಿ ಅಂಗೈ ತುಸು ಗುಳಿ ಮಾಡಿದರೆ ಅದು ನಾಟ್ಯಶಾಸ್ತ್ರದ ‘ಸರ್ಪಶೀರ್ಷ’ ಹಸ್ತ. ವೈಜಯಂತಿಮಾಲಾ ಅಂಥದ್ದನ್ನು ಗುರುಮುಖೇನ ಕಲಿತರು. ನಮ್ಮ ಮಾವಂದಿರು ಟಾಕೀಸಿನಲ್ಲಿ ಕಲಿತರು.

ಭರತನ ಪ್ರಕಾರ ಹಾಸ್ಯ ಎಂಟು ರಸಗಳಲ್ಲಿ ಒಂದು. ವಿಪರೀತ ವೇಷ, ವಿಪರೀತ ಚೇಷ್ಟೆ ಅದಕ್ಕೆ ಕಾರಣ. ನಗೆಯಲ್ಲೂ ಅವನು ಆರು ಮೆಟ್ಟಿಲು ಮಾಡಿದ್ದಾನೆ. ಸ್ಮಿತ, ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಕಣ್ಣೀರು ಸುರಿಸಿ, ಪಕ್ಕೆ ಹಿಡಿದು ನಗುವ ಅಪಹಸಿತ, ಅತಿಹಸಿತಗಳು ಅಧಮರ ಪಾಲಿಗೆ.

ಮದುವೆ ಮೆರವಣಿಗೆಯಲ್ಲಿ ಈ ಮೆಟ್ಟಿಲುಗಳೆಲ್ಲ ಕುಸಿದು ಬೀಳುತ್ತವೆ. ಊರಿನ ಹಿರಿಯರು, ಕಾಲೇಜಿನ ಪ್ರಿನ್ಸಿಪಾಲರು, ಚೌಕಾಸಿಗೆ ಒಂದು ರೂಪಾಯಿ ಇಳಿಯದ ಕಿರಾಣಿ ಅಂಗಡಿಯ ಸಾಹುಕಾರರು, ಎಲ್ಲರೂ ಪಕ್ಕೆ ಹಿಡಿದು ನಗುವವರೇ. ಹಳೆಯ ಸ್ಟೆಪ್ಪು ಮನುಷ್ಯನಿಗೆ ಕೊಡುವುದು ಇದೇ ಪರವಾನಗಿ. ಒಂದು ಹಾಡಿನ ಮಟ್ಟಿಗೆ ನೀನು ಯಾರೂ ಅಲ್ಲ, ಹೋಗು, ಹಾವಾಗು.

ಕೆಟ್ಟದಾಗಿ ಕುಣಿದವರನ್ನು ಕಂಡು ನಗುವುದಕ್ಕೂ ಕೆಟ್ಟದಾಗಿಯೇ ಕುಣಿಯಬೇಕೆಂದು ಎಲ್ಲರೂ ಒಪ್ಪಿಕೊಂಡ ಮೇಲೆ ನಗುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಒಬ್ಬರಿಗೆ ನೋವಾಗುತ್ತದೆ. ಎರಡನೆಯದರಲ್ಲಿ ನೋವು ಮರುದಿನ ಬೆಳಿಗ್ಗೆ ಸೊಂಟಕ್ಕೆ ಮಾತ್ರ.

ಅಣಕದ ಊರು

ಇಂಥ ಸಾರ್ವಜನಿಕ ಹುಚ್ಚಾಟಕ್ಕೆ ವಿದರ್ಭದಲ್ಲಿ ಹಳೆಯ ಬೇರುಗಳಿವೆ. ನಮ್ಮ ಉತ್ತರ ಕರ್ನಾಟಕದ ಕಾರಹುಣ್ಣಿಮೆಯಂತೆ ಅಲ್ಲಿ ಎತ್ತುಗಳ ಹಬ್ಬ ಪೋಳಾ, ಶ್ರಾವಣದ ಅಮಾವಾಸ್ಯೆಗೆ. ಮರುದಿನ ನಾಗಪುರದಲ್ಲಿ ‘ಮರ್ಬತ್’ ಮೆರವಣಿಗೆ. ಕಪ್ಪು ಮರ್ಬತ್, ಹಳದಿ ಮರ್ಬತ್ ಎಂಬ ಎರಡು ದೈತ್ಯ ಹೆಣ್ಣು ಬೊಂಬೆಗಳು ಇತವಾರಿಯ ಸುತ್ತಮುತ್ತಲ ಬೀದಿಗಳಲ್ಲಿ ಹೊರಡುತ್ತವೆ. 1880ರ ದಶಕದಿಂದ ನಡೆದು ಬಂದ ಆಚರಣೆ. ಕಪ್ಪು ಬೊಂಬೆ ಬ್ರಿಟಿಷರ ಪಕ್ಷ ಸೇರಿದ ಭೋಸಲೆ ಮನೆತನದ ಬಾಕಾಬಾಯಿಯ ಅಣಕ ಎಂಬ ಕಥೆಯಿದೆ. ರೋಗರುಜಿನ, ಪೀಡೆ ಪಿಶಾಚಿಗಳನ್ನೆಲ್ಲ ಕರೆದುಕೊಂಡು ತೊಲಗು ಎಂದು ಜನ ಕೂಗುತ್ತಾ ಕುಣಿಯುತ್ತಾರೆ. ಜೊತೆಗೆ ‘ಬಡ್ಗ್ಯಾ’ ಎಂಬ ಗಂಡು ಬೊಂಬೆಗಳು. ಅವು ಆ ವರ್ಷದ ಬೆಲೆಯೇರಿಕೆ, ಭ್ರಷ್ಟಾಚಾರಗಳ ಅಣಕ. ಕೊನೆಗೆ ಎಲ್ಲಕ್ಕೂ ಬೆಂಕಿ.

ಪೂರ್ವಕ್ಕೆ ಹೋದರೆ ಭಂಡಾರಾ, ಗೋಂದಿಯಾ, ಚಂದ್ರಪುರ, ಗಡಚಿರೋಲಿಗಳ ಭತ್ತದ ಸೀಮೆ ‘ಝಾಡೀಪಟ್ಟಿ’. ಸುಗ್ಗಿ ಮುಗಿದ ಮೇಲೆ ಅಲ್ಲಿ ರಾತ್ರಿಯಿಡೀ ನಾಟಕ. ಕಂಪನಿಗಳ ಠಿಕಾಣಿ ವಡಸಾ. ನಾಟಕ ಎಷ್ಟೇ ಗಂಭೀರವಿರಲಿ, ನಡುವೆ ಕುಣಿತ, ವಿನೋದ ಇಲ್ಲದಿದ್ದರೆ ಪ್ರೇಕ್ಷಕ ಬಿಡುವುದಿಲ್ಲ. ನಮ್ಮ ಗುಬ್ಬಿ, ಏಣಗಿ ಕಂಪನಿಗಳ ಕಾಲದ ಗತ್ತೇ. ಆ ರಂಗಭೂಮಿಯ ಪರಶುರಾಮ್ ಖುಣೆ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ‘ಖಡಿ ಗಮ್ಮತ್’ ಎಂಬ ಇನ್ನೊಂದು ಆಟದಲ್ಲಿ ಸೀರೆಯುಟ್ಟು ಹೆಣ್ಣಾಗಿ ಕುಣಿಯುವ ಗಂಡಸು ‘ನಾಚ್ಯಾ’ನೇ ಮುಖ್ಯ ಆಕರ್ಷಣೆ. ಗಾಂಭೀರ್ಯವನ್ನು ಒಂದು ರಾತ್ರಿಗೆ ಮೂಲೆಗಿಡುವ ಪಾಠ ಈ ಸೀಮೆಗೆ ಸಿನಿಮಾ ಬರುವ ಮೊದಲೇ ಆಗಿತ್ತು.

ನಮ್ಮವರೇನು ಕಡಿಮೆ?

1978ರ ‘ಆಪರೇಷನ್ ಡೈಮಂಡ್ ರಾಕೆಟ್’ ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಸ್ವತಃ ಇಂಗ್ಲಿಷ್ ಹಾಡು ಹಾಡಿ, ಕೈಕಾಲು ಆಡಿಸಿದ ಆ ದೃಶ್ಯ ಇಂಟರ್ನೆಟ್ ಬಂದ ಮೇಲೆ ಕನ್ನಡ ಗೊತ್ತಿಲ್ಲದವರ ಮೊಬೈಲುಗಳಿಗೂ ನುಗ್ಗಿತು. ಕೆಲವರು ಗೇಲಿ ಮಾಡಲು ನೋಡಿದರು, ನೋಡುತ್ತಾ ನೋಡುತ್ತಾ ಅಭಿಮಾನಿಗಳಾದರು. ಅಣ್ಣಾವ್ರ ಮುಖದಲ್ಲಿನ ಉತ್ಸಾಹದ ಎದುರು ಗೇಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹಾವನ್ನು ನಾವು ಎರಡು ಬಗೆಯಲ್ಲಿ ಕುಣಿಸಿದ್ದೇವೆ. ಕರಾವಳಿಯ ನಾಗಮಂಡಲದಲ್ಲಿ ಬಣ್ಣದ ಪುಡಿಯ ಮಂಡಲದ ಸುತ್ತ ನಾಗಪಾತ್ರಿ ಮತ್ತು ಡಕ್ಕೆ ಹಿಡಿದ ವೈದ್ಯ ಇರುಳೆಲ್ಲ ಕುಣಿಯುತ್ತಾರೆ. ಅಲ್ಲಿ ಯಾರೂ ನಗುವುದಿಲ್ಲ, ನಗಲೂಬಾರದು. ಅದೇ ಕರಾವಳಿಯ ಹುಡುಗ ಬೆಂಗಳೂರಿನಲ್ಲಿ ಗೆಳೆಯನ ಆರತಕ್ಷತೆಗೆ ಹೋದಾಗ ಟೈ ಸಡಿಲಿಸಿ ಹೆಡೆ ಎತ್ತುತ್ತಾನೆ. ಭಕ್ತಿಯ ಹಾವು ಯಾವುದು, ಮೋಜಿನ ಹಾವು ಯಾವುದು ಎಂಬ ಗೊಂದಲ ಅವನಿಗಿಲ್ಲ.

ಹೆಡೆ ಮೈದಾನಕ್ಕೂ ಇಳಿದಿದೆ. 2018ರ ಮಾರ್ಚ್‌ನಲ್ಲಿ ಕೊಲಂಬೊದ ನಿದಹಾಸ್ ಟ್ರೋಫಿಯಲ್ಲಿ ಶ್ರೀಲಂಕಾ ವಿರುದ್ಧ 215 ರನ್ ಬೆನ್ನಟ್ಟಿ ಗೆದ್ದ ಬಾಂಗ್ಲಾದೇಶದ ಮುಷ್ಫಿಕುರ್ ರಹೀಂ ಪಿಚ್ಚಿನಲ್ಲೇ ನಾಗಿಣಿಯಾದರು. ಫೈನಲ್ ದಿನ ವೀಕ್ಷಕ ವಿವರಣೆಯ ಕೊಠಡಿಯಲ್ಲಿ 68 ವರ್ಷದ ಸುನಿಲ್ ಗಾವಸ್ಕರ್ ಕೂಡ ಹೆಡೆ ಎತ್ತಿದರು. ಹೆಲ್ಮೆಟ್ ಇಲ್ಲದೆ ವೆಸ್ಟ್ ಇಂಡೀಸ್ ವೇಗಿಗಳನ್ನು ಎದುರಿಸಿದವರಿಗೆ ಇದೇನು ದೊಡ್ಡದು! ಮರುವರ್ಷ ನವೆಂಬರ್ 10ರಂದು ಬಾಂಗ್ಲಾ ತಂಡ ನಾಗಪುರದ ಜಾಮಠಾ ಮೈದಾನಕ್ಕೇ ಬಂತು. ದೀಪಕ್ ಚಾಹರ್ 7 ರನ್ನಿಗೆ 6 ವಿಕೆಟ್ ಕಿತ್ತರು. ಹಾವಿನ ಊರಿನಲ್ಲಿ ಗೆಲುವಿನ ನಾಗಿಣಿಗೆ ಅವಕಾಶವೇ ಸಿಗಲಿಲ್ಲ.

ಅಭ್ಯಾಸ ಮಾಡಿದರೆ ಕೆಟ್ಟೀತು

ಈಗ ಮದುವೆಗೆ ಮುನ್ನ ‘ಸಂಗೀತ್’ ಎಂಬ ಸಂಜೆ ನಾಗಪುರದಲ್ಲೂ ಇದೆ, ಹುಬ್ಬಳ್ಳಿಯಲ್ಲೂ ಇದೆ. ಅದಕ್ಕೊಬ್ಬ ಕೊರಿಯೋಗ್ರಾಫರ್, ವಾರಗಟ್ಟಲೆ ತಾಲೀಮು, ಒಂದೇ ಬಣ್ಣದ ಬಟ್ಟೆ. ಎಲ್ಲವೂ ಅಚ್ಚುಕಟ್ಟು. ಆದರೆ ಅಲ್ಲಿ ಹತ್ತು ಜನ ಕುಣಿಯುತ್ತಾರೆ, ಇನ್ನೂರು ಜನ ಕುರ್ಚಿಯಲ್ಲಿ ಕೂತು ಮೊಬೈಲ್ ಹಿಡಿಯುತ್ತಾರೆ. ಬೀದಿಯ ನಾಗಿಣಿಗೆ ಇಂಥ ಪ್ರೇಕ್ಷಕವರ್ಗವೇ ಇಲ್ಲ. ನೋಡುತ್ತಾ ನಿಂತವರ ಕೈಯನ್ನು ಯಾರಾದರೂ ಎಳೆದೇ ಎಳೆಯುತ್ತಾರೆ.

ಈ ಮೋಜಿಗೆ ಇನ್ನೊಂದು ಮಗ್ಗುಲೂ ಇದೆ. ಊದುವವರು, ಬಾರಿಸುವವರು, ತಲೆಯ ಮೇಲೆ ದೀಪದ ಭಾರ ಹೊತ್ತ ಹೆಂಗಸರು ಕುಣಿತದ ನಡುವೆಯೇ ಇದ್ದೂ ಕುಣಿಯುವವರಲ್ಲ. ಅವರ ದುಡಿಮೆ ಲಗ್ನದ ತಿಂಗಳುಗಳಿಗೆ ಸೀಮಿತ. ಗ್ರೆಗರಿ ಬೂತ್ ಎಂಬ ಸಂಗೀತ ವಿದ್ವಾಂಸರು ಈ ಬ್ಯಾಂಡುಗಳ ಬದುಕನ್ನೇ ಅಧ್ಯಯನ ಮಾಡಿ 2005ರಲ್ಲಿ ‘ಬ್ರಾಸ್ ಬಾಜಾ’ ಎಂಬ ಪುಸ್ತಕ ಬರೆದರು. ಕುಣಿಯುವವರ ತಲೆಗೆ ನಿವಾಳಿಸಿದ ಹತ್ತರ ನೋಟು ಬ್ಯಾಂಡಿನವರ ಜೇಬಿಗೆ ಹೋಗುವುದು ಅದಕ್ಕೇ ಮುಖ್ಯ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ರ ನಿಯಮ ನೆನಪಾಗುತ್ತಲೇ ಕೊನೆಯ ಅರ್ಧ ಗಂಟೆಯಲ್ಲಿ ನೋಟೂ ಹೆಚ್ಚು, ಹೆಡೆಯೂ ಹೆಚ್ಚು.

2018ರ ಬೇಸಿಗೆಯಲ್ಲಿ ವಿದಿಶಾದ ಪ್ರಾಧ್ಯಾಪಕ ಸಂಜೀವ್ ಶ್ರೀವಾಸ್ತವ ಮದುವೆ ಮನೆಯೊಂದರಲ್ಲಿ 1987ರ ಗೋವಿಂದ ಹಾಡಿಗೆ ಕುಣಿದ ವಿಡಿಯೊ ದೇಶವನ್ನೇ ಸುತ್ತಿತು. ‘ಡ್ಯಾನ್ಸಿಂಗ್ ಅಂಕಲ್’ ಎಂದು ಅವರು ಮನೆಮಾತಾದರು. ಹದಿಹರೆಯದ ಹೀರೊಗಳ ಕುಣಿತ ನೋಡಿ ದಣಿದಿದ್ದ ಜನಕ್ಕೆ ಹೊಟ್ಟೆ ಬಂದ, ಕೋಟು ತೊಟ್ಟ ಒಬ್ಬ ಗೃಹಸ್ಥ ಲೋಕವನ್ನೇ ಮರೆತದ್ದು ಹಿಡಿಸಿತು.

ಇಂದಿನ ಹುಕ್ ಸ್ಟೆಪ್ಪುಗಳಿಗೂ ಇದೇ ದಾರಿ ಕಾದಿದೆ. 2022ರ ‘ಆರ್‌ಆರ್‌ಆರ್’ನಲ್ಲಿ ಇಬ್ಬರು ನಾಯಕರು ಪ್ಯಾಂಟಿನ ಭುಜಪಟ್ಟಿ ಜಗ್ಗಿ ಕುಣಿದ ಹಾಡಿಗೆ ಮರುವರ್ಷ ಆಸ್ಕರ್ ಬಂತು. ಈಗ ಅದು ಕಲಿಯಲು ಕಷ್ಟದ, ಮಂಡಿ ಕಳಚುವ ಸ್ಟೆಪ್ಪು. 2045ರ ಯಾವುದೋ ಮೆರವಣಿಗೆಯಲ್ಲಿ ಅದನ್ನೇ ಅರ್ಧ ಮರೆತು, ಅರ್ಧ ಸೇರಿಸಿ, ಯಾರೋ ಮಾವಂದಿರು ಆಡಿಯೇ ಆಡುತ್ತಾರೆ. ಆಗ ಅದು ನಿಜಕ್ಕೂ ಜನರದ್ದಾಗುತ್ತದೆ.

ಹಾಗಾಗಿ ಅಪ್ಪನ ಕುಣಿತವನ್ನು ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸುತ್ತಿರುವ ಹುಡುಗ ಹುಡುಗಿಯರಿಗೆ ಒಂದೇ ಸಲಹೆ. ನಿಮ್ಮ ಸರದಿಗೆ ಇನ್ನು ಇಪ್ಪತ್ತು ವರ್ಷವೂ ಇಲ್ಲ. ದಯವಿಟ್ಟು ಈಗಿನಿಂದ ಅಭ್ಯಾಸ ಮಾಡಬೇಡಿ. ಚೆನ್ನಾಗಿ ಬಂದುಬಿಟ್ಟರೆ ನಿಮ್ಮ ಜೊತೆ ಯಾರೂ ಕುಣಿಯುವುದಿಲ್ಲ.